ಎದೆ ಕ್ಲಿಯರ್ ಇದೆ, ಉಸಿರು ಮಾತ್ರ ಜೋರು: ವಾಂತಿ ಭೇದಿ ವಾರ್ಡಿನಲ್ಲಿ ನನ್ನ ಅನುಭವ

ಮೊದಲ ಮಳೆ ಬಿದ್ದರೆ ಸಾಕು, ನಮ್ಮ ಜಿಲ್ಲಾಸ್ಪತ್ರೆಯ ಮಕ್ಕಳ ವಾರ್ಡಿನ ತುಂಬ ವಾಂತಿ ಭೇದಿಯ ಕೇಸುಗಳೇ. ಈ ಮಕ್ಕಳು ಬಂದಾಗ ನಾನು ಮೊದಲು ಹೊಟ್ಟೆ ಮುಟ್ಟುವುದಿಲ್ಲ. ಅಂಗಿ ಬಿಚ್ಚಿಸಿ, ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತೇನೆ. ದೇಹದೊಳಗೆ ಏನು ನಡೆದಿದೆ ಅಂತ ಮೊದಲು ಹೇಳುವುದು ಅದೇ.

ಹತ್ತು ತಿಂಗಳ ಒಂದು ಮಗು ಬಂದಿತ್ತು. ತೂಕ 8 ಕೆಜಿ. ಎರಡು ದಿನದಿಂದ ನೀರಿನ ಹಾಗೆ ಭೇದಿ. ‘ನ್ಯುಮೋನಿಯಾ ಇರಬಹುದು’ ಅಂತ ಚೀಟಿ ಬರೆದು ಕಳಿಸಿದ್ದರು. ಉಸಿರು ನಿಮಿಷಕ್ಕೆ 64. ಆದರೆ ಪಕ್ಕೆ ಒಳಗೆ ಸೆಳೆಯುತ್ತಿರಲಿಲ್ಲ, ಎದೆಯಲ್ಲಿ ಯಾವ ಸದ್ದೂ ಇಲ್ಲ, ಆಕ್ಸಿಜನ್ 98. ಉಸಿರು ಆಳವಾಗಿತ್ತು, ಓಡಿ ಬಂದವರ ಹಾಗೆ. ನೆತ್ತಿ ಗುಳಿ ಬಿದ್ದಿತ್ತು, ಕಣ್ಣು ಒಳಗೆ ಹೋಗಿದ್ದವು. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಎರಡು ಸೆಕೆಂಡ್ ದಾಟಿದರೂ ಮಡಿಕೆ ಹಾಗೇ ನಿಂತಿತ್ತು. ಭೇದಿಯಾದ ಮಗುವಿಗೆ ಎದೆ ಕ್ಲಿಯರ್ ಇದ್ದು ಉಸಿರು ಜೋರಾಗಿದ್ದರೆ, ರಕ್ತದಲ್ಲಿ ಆಸಿಡ್ ಏರಿದೆ ಅನ್ನುವುದೇ ನನ್ನ ಮೊದಲ ಅನುಮಾನ.

ಭೇದಿಯಲ್ಲಿ ಹೋಗುವುದು ಬರೀ ನೀರಲ್ಲ. ಸೋಡಿಯಂ, ಪೊಟ್ಯಾಸಿಯಂ ಜೊತೆಗೆ ಬೈಕಾರ್ಬನೇಟ್ ಕೂಡ ಹೋಗುತ್ತದೆ. ಆಸಿಡ್ಡನ್ನು ತಡೆದು ಹಿಡಿಯುವುದೇ ಅದು. (ಬರೀ ವಾಂತಿಯಾಗಿದ್ದರೆ ಉಲ್ಟಾ. ಹೊಟ್ಟೆಯ ಆಸಿಡ್ ಹೊರಗೆ ಹೋಗಿ ರಕ್ತ ಕ್ಷಾರದ ಕಡೆ ವಾಲುತ್ತದೆ.) ರಕ್ತದ ಪಿಎಚ್ (ಆಸಿಡ್ ಏರಿದಷ್ಟೂ ಇಳಿಯುವ ಒಂದು ಅಳತೆ) 7.35 ರಿಂದ 7.45ರೊಳಗೆ ಇರಬೇಕು. ಅದು ಇಳಿಯುತ್ತಿದ್ದ ಹಾಗೆ ಮಿದುಳು ಉಸಿರಾಟ ಜೋರು ಮಾಡಿಸುತ್ತದೆ. ರಕ್ತದಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡ್ ಆಸಿಡ್ ಆಗುತ್ತದೆ, ಅಲ್ವಾ? ಅದನ್ನು ಹೊರಗೆ ಬಿಟ್ಟಷ್ಟೂ ಆಸಿಡ್ ಇಳಿಯುತ್ತದೆ. ಶ್ವಾಸಕೋಶ ಈ ಕೆಲಸವನ್ನು ನಿಮಿಷಗಳಲ್ಲೇ ಶುರು ಮಾಡುತ್ತದೆ.

ಏಬಿಜಿ, ಅಂದರೆ ರಕ್ತದ ಆಸಿಡ್ ಮತ್ತು ಅನಿಲ ಅಳೆಯುವ ಪರೀಕ್ಷೆಯ ರಿಪೋರ್ಟ್ ಬಂತು. ಪಿಎಚ್ 7.22, ಬೈಕಾರ್ಬನೇಟ್ 8, ಕಾರ್ಬನ್ ಡೈಆಕ್ಸೈಡ್ 20. ಇಲ್ಲಿ ನಾನು ತಪ್ಪದೆ ಒಂದು ಲೆಕ್ಕ ಹಾಕುತ್ತೇನೆ. ಬೈಕಾರ್ಬನೇಟನ್ನು ಒಂದೂವರೆಯಿಂದ ಗುಣಿಸಿ 8 ಕೂಡಿಸಬೇಕು. ಕಾರ್ಬನ್ ಡೈಆಕ್ಸೈಡ್ ಅದರ ಆಸುಪಾಸು ಇರಬೇಕು, ಎರಡು ಹೆಚ್ಚುಕಡಿಮೆ. ಈ ಮಗುವಿನದು ಸರಿಯಾಗಿ 20. ಶ್ವಾಸಕೋಶ ತನ್ನ ಪಾಲಿನ ಕೆಲಸ ಪೂರ್ತಿ ಮಾಡುತ್ತಿತ್ತು. ಅದೇ 30 ಇದ್ದಿದ್ದರೆ ನನಗೆ ನಿಜವಾಗಿ ಭಯವಾಗುತ್ತಿತ್ತು. ಮಗು ದಣಿದು ಉಸಿರು ಸೋಲುತ್ತಿದೆ ಅಂತ ಅರ್ಥ.

ಆದರೆ ಶ್ವಾಸಕೋಶ ಹೊತ್ತು ತಳ್ಳಬಲ್ಲದು ಅಷ್ಟೇ. ಆಸಿಡ್ಡನ್ನು ಮೂತ್ರದಲ್ಲಿ ಕಳಿಸಿ, ಹೊಸ ಬೈಕಾರ್ಬನೇಟ್ ತಯಾರಿಸುವುದು ಕಿಡ್ನಿ. ಅದಕ್ಕೆ ದಿನಗಳೇ ಬೇಕು. ಅದೂ ಕಿಡ್ನಿಗೆ ರಕ್ತ ಸರಿಯಾಗಿ ಹರಿದರೆ. ನೀರು ಕಮ್ಮಿಯಾದಾಗ ದೇಹದ ಮೊದಲ ಚಿಂತೆ ನೀರು ಉಳಿಸುವುದು. ಒಂದು ಹಾರ್ಮೋನು ಮೂತ್ರದಿಂದ ನೀರನ್ನು ವಾಪಸ್ ಎಳೆದುಕೊಳ್ಳುತ್ತದೆ, ಇನ್ನೊಂದು ಉಪ್ಪನ್ನು ಹಿಡಿದಿಡುತ್ತದೆ. ಈ ಮಗು ಹಿಂದಿನ ರಾತ್ರಿಯಿಂದ ಮೂತ್ರವನ್ನೇ ಮಾಡಿರಲಿಲ್ಲ.

‘ಸೋಡಾ ಬೈಕಾರ್ಬ್ ಕೊಡೋಣವೇ ಸಾರ್?’ ಅಂತ ಹೌಸ್ ಸರ್ಜನ್ ಕೇಳಿದರು, ಅಂದರೆ ಬೈಕಾರ್ಬನೇಟನ್ನೇ ನೇರವಾಗಿ ರಕ್ತಕ್ಕೆ. ಬೇಡ ಅಂದೆ. ಅವಸರದಲ್ಲಿ ಅದನ್ನು ಕೊಟ್ಟರೆ ಪೊಟ್ಯಾಸಿಯಂ ಧಡಕ್ಕನೆ ಇಳಿಯುತ್ತದೆ, ಈಗಾಗಲೇ ಭೇದಿಯಲ್ಲಿ ಸಾಕಷ್ಟು ಹೋಗಿರುತ್ತದೆ. ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ಅನ್ನುವ ಡ್ರಿಪ್) ಹಚ್ಚಿದೆವು. ಮೊದಲ ಗಂಟೆಯಲ್ಲಿ 240 ಎಂಎಲ್, ಮುಂದಿನ ಐದು ಗಂಟೆಯಲ್ಲಿ 560. ಅದರಲ್ಲಿರುವ ಲ್ಯಾಕ್ಟೇಟನ್ನು ಲಿವರ್ ಬೈಕಾರ್ಬನೇಟ್ ಮಾಡಿಕೊಡುತ್ತದೆ. ಬರೀ ಸಲೈನ್ ಜಾಸ್ತಿ ಹೋದರೆ ಕ್ಲೋರೈಡ್ ಏರಿ ಆಸಿಡ್ ಇನ್ನಷ್ಟು ಹೆಚ್ಚಾಗುತ್ತದೆ. ಮೂರನೇ ಗಂಟೆ ಕಳೆದ ಮೇಲೆ ಸಿಸ್ಟರ್ ಕೂಗಿದರು, ‘ಸಾರ್, ಬಟ್ಟೆ ಒದ್ದೆ!’ ಮೂತ್ರ ಬಂದಿದೆ ಅಂದರೆ ಕಿಡ್ನಿ ಕೆಲಸಕ್ಕೆ ಹಿಂದಿರುಗಿದೆ. ಪೊಟ್ಯಾಸಿಯಂ ಸೇರಿಸಲು ನಾನು ಕಾಯುತ್ತಿದ್ದುದೂ ಇದಕ್ಕೇ. ಡ್ರಿಪ್ ಮುಗಿಯುವ ಹೊತ್ತಿಗೆ ಉಸಿರು 40ಕ್ಕೆ ಇಳಿದಿತ್ತು. ಅದನ್ನು ಇಳಿಸಲು ಬೇರೆ ಯಾವ ಔಷಧವನ್ನೂ ಕೊಟ್ಟಿರಲಿಲ್ಲ.

ಮಗು ಎಚ್ಚರವಾಗಿ ಕುಡಿಯುವ ಹಾಗಾದ ಕೂಡಲೇ ಓಆರ್‌ಎಸ್ ಶುರು. ‘ಮೊಲಿ ಹಾಲು ಬಿಡಸಬೇಕೇನ್ರಿ ಸರ?’ ಅಂತ ಅಜ್ಜಿ ಕೇಳಿದರು. ‘ಬಿಡಿಸಬ್ಯಾಡ್ರಿ ಅವ್ವಾ, ಅದನ್ನೂ ಕುಡಸ್ರಿ’ ಅಂದೆ. ಓಆರ್‌ಎಸ್ ಪುಡಿಯ ಮೇಲೆ ನನಗೆ ಅಪಾರ ಗೌರವ. ಭೇದಿ ಜೋರಾಗಿದ್ದಾಗಲೂ ಗ್ಲೂಕೋಸ್ ಜೊತೆ ಸೋಡಿಯಂ ಇದ್ದರೆ ಕರುಳು ಎರಡನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ, ಹಿಂದೆಯೇ ನೀರೂ ಬರುತ್ತದೆ. ಅದರಲ್ಲಿರುವ ಸಿಟ್ರೇಟ್ ಬೈಕಾರ್ಬನೇಟ್ ಆಗುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಡ್ರಿಪ್ ಬಾಟಲಿ ಸಾಲದೆ ಹೋದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್, ಸೋಡಾ ಬೆರೆಸಿದ ನೀರನ್ನೇ ಕುಡಿಸಿದರು. ಅಲ್ಲಿ ಸಾವು ಶೇಕಡಾ 30ರ ಆಸುಪಾಸಿನಿಂದ 4ಕ್ಕೂ ಕೆಳಗೆ ಇಳಿಯಿತು.

ಡಿಸ್ಚಾರ್ಜ್ ದಿನ ಝಿಂಕ್ ಮಾತ್ರೆ ಕೊಟ್ಟು, ಓಆರ್‌ಎಸ್ ಪ್ಯಾಕೆಟ್ಟನ್ನು ತಾಯಿಯ ಕೈಯಿಂದಲೇ ಕಲಸಿಸುತ್ತೇನೆ. ದೊಡ್ಡ ಪ್ಯಾಕೆಟ್ಟಿಗೆ ಒಂದು ಲೀಟರ್, ಚಿಕ್ಕದಕ್ಕೆ 200 ಎಂಎಲ್, ಮೇಲೆ ಬರೆದಷ್ಟೇ ನೀರು. ಗಟ್ಟಿಯಾದರೆ ರಕ್ತದಲ್ಲಿ ಸೋಡಿಯಂ ಏರುತ್ತದೆ. ಡಬ್ಬಿಯ ಸಿಹಿ ಜ್ಯೂಸ್ ಇದಕ್ಕೆ ಬದಲಿಯಲ್ಲ, ಅದರ ಸಕ್ಕರೆ ಕರುಳಿಗೆ ಇನ್ನಷ್ಟು ನೀರು ಎಳೆದು ಭೇದಿ ಹೆಚ್ಚಿಸುತ್ತದೆ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚದಲ್ಲಿ ನಿಧಾನವಾಗಿ ಕುಡಿಸಿ. ಆರು ಗಂಟೆಯಾದರೂ ಮೂತ್ರ ಬರದಿದ್ದರೆ ಅಥವಾ ಉಸಿರು ಮತ್ತೆ ಜೋರಾದರೆ, ರಾತ್ರಿಯಾದರೂ ಸರಿ, ಕರೆದುಕೊಂಡು ಬನ್ನಿ.