‘ಇನ್ ಕೇಸ್’ ಅಂದರೆ ‘ಒಂದು ವೇಳೆ’ ಅಲ್ಲ

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಏರ್ ಕಂಪ್ರೆಸರ್‌ಗಳ ಕೈಪಿಡಿ ಬರೆಯುವುದು ನನ್ನ ಕೆಲಸ. ಬರೆಯುವುದೆಲ್ಲ ಇಂಗ್ಲಿಷಿನಲ್ಲಿ. ಕೆಲವು ವರ್ಷಗಳ ಹಿಂದೆ ಒಂದು ಕೈಪಿಡಿಯಲ್ಲಿ ಹೀಗೆ ಬರೆದಿದ್ದೆ: ‘ಓಪನ್ ದ ಡ್ರೈನ್ ವಾಲ್ವ್ ಇನ್ ಕೇಸ್ ವಾಟರ್ ಕಲೆಕ್ಟ್ಸ್ ಇನ್ ದ ಟ್ಯಾಂಕ್.’ ಟ್ಯಾಂಕಿನಲ್ಲಿ ನೀರು ಸೇರಿದ್ದರೆ ವಾಲ್ವ್ ತೆರೆದು ಹೊರಗೆ ಬಿಡಿ ಅನ್ನುವುದು ನನ್ನ ಮನಸ್ಸಿನಲ್ಲಿದ್ದ ಮಾತು.

ಇಂಗ್ಲೆಂಡಿನ ಒಬ್ಬ ಗ್ರಾಹಕರಿಂದ ದೂರು ಬಂತು. ಒತ್ತಡ ಏರುತ್ತಿಲ್ಲ, ಮೋಟಾರು ನಿಲ್ಲುತ್ತಲೇ ಇಲ್ಲ ಅಂತ. ಫೋಟೋ ತರಿಸಿ ನೋಡಿದರೆ ಡ್ರೈನ್ ವಾಲ್ವ್ ತೆರೆದೇ ಇದೆ. ಗಾಳಿಯೆಲ್ಲ ಅಲ್ಲಿಂದ ಸೋರಿ ಹೋಗುತ್ತಿತ್ತು. ಕೇಳಿದ್ದಕ್ಕೆ, ‘ನಿಮ್ಮ ಕೈಪಿಡಿಯಲ್ಲೇ ಹಾಗಿದೆಯಲ್ಲ’ ಅಂದರು. ಅವರು ಓದಿದ್ದು ಸರಿಯಾಗಿಯೇ ಇತ್ತು. ನನ್ನ ಸಾಲಿನ ಅರ್ಥ, ‘ನೀರು ಸೇರೀತು, ಅದಕ್ಕೇ ಮೊದಲೇ ವಾಲ್ವ್ ತೆರೆದಿಡಿ’ ಎಂದಾಗಿತ್ತು.

ಆ ದಿನ ತುಂಬಾ ಬೇಜಾರಾಯಿತು. ಇಷ್ಟು ವರ್ಷ ಬರೆದದ್ದರಲ್ಲಿ ಇನ್ನೆಷ್ಟು ಕಡೆ ಹೀಗಾಗಿದೆಯೋ ಅಂತ ಹಳೆಯ ಕೈಪಿಡಿಗಳನ್ನೆಲ್ಲ ತೆಗೆದು ಕೂತೆ. ‘ಇನ್ ಕೇಸ್’ ಬಂದಲ್ಲೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ. ಪ್ರತಿ ಸಾಲನ್ನೂ ಕನ್ನಡದಲ್ಲಿ ಹೇಳಿಕೊಂಡು ನೋಡಿದೆ. ತಪ್ಪಿನ ಬೇರು ಸಿಕ್ಕಿದ್ದು ಆಗಲೇ. ನಾವು ‘ಒಂದು ವೇಳೆ ನೀರು ಬಂದರೆ’ ಅಂತ ಯೋಚಿಸುತ್ತೇವೆ. ಆ ‘ಒಂದು ವೇಳೆ’ಯನ್ನು ‘ಇನ್ ಕೇಸ್’ ಮಾಡಿಬಿಡುತ್ತೇವೆ. ಆದರೆ ಕನ್ನಡದಲ್ಲಿ ಷರತ್ತು ಇರುವುದು ‘ಬಂದರೆ’ ಅನ್ನುವುದರ ಕೊನೆಯಲ್ಲಿ. ‘ಒಂದು ವೇಳೆ’ ತೆಗೆದರೂ ಅರ್ಥ ಹಾಗೇ ಉಳಿಯುತ್ತದೆ, ಅಲ್ವಾ? ಅದಕ್ಕೆ ಇಂಗ್ಲಿಷಿನಲ್ಲಿ ‘ಇಫ್’ ಒಂದೇ ಸಾಕು.

‘ಇನ್ ಕೇಸ್’ಗೆ ನಿಜವಾಗಿ ಹೊಂದುವ ರೂಪವೂ ನಮ್ಮಲ್ಲಿದೆ. ‘ಮಳೆ ಬಂದೀತು ಅಂತ ಕೊಡೆ ತಗೊಂಡು ಹೋದೆ’ ಅನ್ನುತ್ತೇವಲ್ಲ, ಅದು. ಬಂದಾನು, ಬಂದಾಳು, ಬಂದೀತು: ಶಾಲೆಯಲ್ಲಿ ಸಂಭಾವನಾರ್ಥಕ ಅಂತ ಓದಿದ್ದು ಇದನ್ನೇ. ಮಳೆ ಬಂದರೆ ಕೊಡೆ ಬಿಡಿಸುತ್ತೇವೆ, ಅಲ್ಲಿ ‘ಇಫ್’. ಮಳೆ ಬಂದೀತು ಅಂತ ಕೊಡೆ ಒಯ್ಯುತ್ತೇವೆ, ಅಲ್ಲಿ ‘ಇನ್ ಕೇಸ್’. ಮಳೆ ಬಾರದಿದ್ದರೆ ಕೊಡೆ ಬಿಡಿಸುವುದಿಲ್ಲ. ಆದರೆ ಒಯ್ದದ್ದಂತೂ ಒಯ್ದದ್ದೇ.

ಆಮೇಲಿಂದ ಪ್ರತಿ ಸಲ ನನ್ನನ್ನೇ ಕೇಳಿಕೊಳ್ಳುತ್ತೇನೆ: ಈ ಕೆಲಸ ಮೊದಲೇ ಮಾಡಬೇಕಾ, ಆದ ಮೇಲೆ ಮಾಡಬೇಕಾ? ‘ಕೀಪ್ ಎ ಸ್ಪೇರ್ ಬೆಲ್ಟ್ ಇನ್ ಕೇಸ್ ದ ಬೆಲ್ಟ್ ಬ್ರೇಕ್ಸ್’ ಸರಿ, ಬೆಲ್ಟ್ ಮೊದಲೇ ತಂದಿಡಬೇಕು. ‘ಸ್ಟಾಪ್ ದ ಮೋಟರ್ ಇನ್ ಕೇಸ್ ದ ಬೆಲ್ಟ್ ಬ್ರೇಕ್ಸ್’ ತಪ್ಪು. ಬೆಲ್ಟ್ ತುಂಡಾದೀತು ಅಂತ ಯಾರೂ ಮೋಟಾರು ನಿಲ್ಲಿಸಿ ಕೂರುವುದಿಲ್ಲ. ಎರಡರಲ್ಲೂ ಮುಂದಾಗುವ ಮಾತು ಇದ್ದರೂ ‘ವಿಲ್ ಬ್ರೇಕ್’ ಅಂತ ಬರೆಯಬಾರದು, ‘ಬ್ರೇಕ್ಸ್’ ಸಾಕು. ಇದನ್ನೂ ನಾನು ಸುಮಾರು ಕಡೆ ತಿದ್ದಬೇಕಾಯಿತು.

‘ಇನ್ ಕೇಸ್ ಆಫ್’ ಮಾತ್ರ ಬೇರೆ. ಲಿಫ್ಟ್ ಪಕ್ಕದಲ್ಲಿ ‘ಇನ್ ಕೇಸ್ ಆಫ್ ಫೈರ್’ ಅಂತ ಬರೆದಿರುತ್ತಾರಲ್ಲ, ಅಲ್ಲಿ ಅರ್ಥ ಬೆಂಕಿ ಬಿದ್ದರೆ ಎಂದೇ. ‘ಆಫ್’ ಆದ ಮೇಲೆ ನಾಮಪದ ಬರುತ್ತದೆ. ಆ ಒಂದು ಚಿಕ್ಕ ಪದ ಅರ್ಥವನ್ನೇ ತಿರುಗಿಸುತ್ತದೆ. ನಮಗೆ ಗೊಂದಲ ಆಗಲು ಇದೂ ಒಂದು ಕಾರಣ ಇರಬೇಕು.

ಅಮೆರಿಕದ ಇಂಗ್ಲಿಷಿನಲ್ಲಿ ಬರೀ ‘ಇನ್ ಕೇಸ್’ ಅನ್ನೂ ‘ಇಫ್’ ಅರ್ಥದಲ್ಲಿ ಬಳಸುವುದುಂಟು. ನಮ್ಮಲ್ಲಂತೂ ಆಫೀಸ್ ಪತ್ರಗಳಲ್ಲಿ ಅದೇ ಜಾಸ್ತಿ. ಪತ್ರದಲ್ಲಾದರೆ ನಡೆದೀತು. ಯಂತ್ರದ ಮುಂದೆ ನಿಂತು ಓದುವವರಿಗೆ ಎರಡು ಅರ್ಥದ ಸಾಲು ಕೊಡಬಾರದು ಅಂತ ನನ್ನ ಹಟ. ವಿಮಾನ ರಿಪೇರಿ ಕೈಪಿಡಿಗಳಿಗಾಗಿ ಮಾಡಿದ ಎಎಸ್‌ಡಿ-ಎಸ್‌ಟಿಇ100 ಅನ್ನುವ ಸರಳ ಇಂಗ್ಲಿಷಿನ ನಿಯಮಾವಳಿ ಇದೆ. ಷರತ್ತನ್ನು ಮೊದಲು ಬರೆಯಿರಿ, ಕೆಲಸವನ್ನು ಆಮೇಲೆ ಹೇಳಿರಿ ಅನ್ನುತ್ತದೆ ಅದು. ಇದು ನನಗೆ ತುಂಬಾ ಹಿಡಿಸಿತು. ಓದುವವರು ‘ಓಪನ್’ ಅಂದ ಕೂಡಲೇ ಕೈ ಹಾಕಿಬಿಡುತ್ತಾರೆ, ಸಾಲಿನ ಕೊನೆವರೆಗೆ ಕಾಯುವುದಿಲ್ಲ. ಕನ್ನಡದಲ್ಲೂ ನಾವು ‘ನೀರಿದ್ದರೆ ತೆರೆಯಿರಿ’ ಅಂತಲೇ ಹೇಳುವುದು, ಹಾಗಾಗಿ ಈ ಕ್ರಮ ನಮಗೆ ಸಲೀಸು.

ಆ ಸಾಲು ಈಗ ಹೀಗಿದೆ: ‘ಇಫ್ ವಾಟರ್ ಕಲೆಕ್ಟ್ಸ್ ಇನ್ ದ ಟ್ಯಾಂಕ್, ಓಪನ್ ದ ಡ್ರೈನ್ ವಾಲ್ವ್.’ ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೇನೆ. ನೀರು ಹೋದ ಮೇಲೆ ವಾಲ್ವ್ ಮುಚ್ಚಿ ಅಂತ.