ಜ್ವರ ಬಿಟ್ಟ ಮೇಲಿನ ಆರು ವಾರ

ಮೊದಲು ಬಂದದ್ದು ಕೆಮ್ಮಲ್ಲ, ನಡುಕ. ಜುಲೈ ತಿಂಗಳು, ಪುನರ್ವಸು ಮಳೆ ಹಿಡಿದು ಮೂರು ದಿನವಾಗಿತ್ತು. ಶಾಲೆಯಿಂದ ಬಂದು ಒದ್ದೆ ಸೀರೆ ಬದಲಿಸುವಷ್ಟರಲ್ಲಿ ಹಲ್ಲು ಕಟಕಟ ಅನ್ನತೊಡಗಿತು. ಎರಡು ಕಂಬಳಿ ಹೊದ್ದರೂ ಮಂಚ ಅಲುಗುವ ಹಾಗೆ ನಡುಗಿದೆ. ಅರ್ಧ ಗಂಟೆ ಬಿಟ್ಟು ಥರ್ಮಾಮೀಟರ್ ಇಟ್ಟರೆ 103. ಬಲ ಪಕ್ಕೆಯ ಕೆಳಗೆ ಒಂದು ಚುಚ್ಚು, ಅದೂ ಉಸಿರು ಎಳೆದಾಗ ಮಾತ್ರ. ಹಿಂದಿನ ದಿನ ಗೊಬ್ಬರದ ಚೀಲ ಸರಿಸಿದ್ದೆ. ಅದೇ ಉಳುಕಿರಬೇಕು ಅಂತ ಅತ್ತೆ ಎಣ್ಣೆ ಬಿಸಿ ಮಾಡಿ ತಿಕ್ಕಿದರು.

ನಮ್ಮ ಮನೆ ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಈ ಕಡೆ ಜ್ವರ ಅಂದರೆ ಬೇಸಿಗೆಯಲ್ಲಿ ಮಂಗನ ಕಾಯಿಲೆಯ ಭಯ, ಮಳೆಗಾಲದಲ್ಲಿ ಇಲಿಜ್ವರ, ಡೆಂಗಿ. ನ್ಯುಮೋನಿಯಾ ಯಾರ ತಲೆಗೂ ಹೊಳೆಯಲಿಲ್ಲ. ಹತ್ತಿರದ ಕ್ಲಿನಿಕ್ಕಿನಲ್ಲಿ ಎದೆಗೆ ಸ್ಟೆತಾಸ್ಕೋಪ್ ಕೂಡ ಇಡದೆ 'ವೈರಲ್' ಅಂತ ಇಂಜೆಕ್ಷನ್ ಚುಚ್ಚಿ ಕಳಿಸಿದರು. ಎರಡು ದಿನ ಹಾಗೇ ಹೋಯಿತು. ಮೂರನೇ ಬೆಳಗ್ಗೆ ಕೆಮ್ಮಿದಾಗ ಬಂದ ಕಫ ತುಕ್ಕು ಹಿಡಿದ ಮೊಳೆ ನೆನೆಸಿದ ನೀರಿನ ಬಣ್ಣದ್ದು. ನಮ್ಮನೆಯವರು ಅದನ್ನು ನೋಡಿದವರೇ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯಲು ಬಂದ ಆಳುಗಳನ್ನು ತೋಟದಲ್ಲೇ ಬಿಟ್ಟು ಕಾರು ತೆಗೆದರು.

ಸಾಗರದ ಡಾಕ್ಟರು ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಎಡಗಡೆ ಶ್ವಾಸಕೋಶ ಕಪ್ಪಗಿದೆ, ಅಂದರೆ ಒಳಗೆ ಗಾಳಿ ಇದೆ. ಬಲಗಡೆ ಕೆಳಭಾಗದಲ್ಲಿ ಮೊಸರು ಚೆಲ್ಲಿದ ಹಾಗೆ ಬಿಳಿ. ಅಲ್ಲಿನ ಗಾಳಿಗೂಡುಗಳಲ್ಲಿ ಗಾಳಿಯ ಬದಲು ಕೀವು, ನೀರು ತುಂಬಿಕೊಂಡಿದೆ ಅಂದರು. "ನ್ಯುಮೋನಿಯಾ ಮಕ್ಕಳಿಗೆ ಬರೋದಲ್ವಾ ಡಾಕ್ಟ್ರೇ?" ಅಂತ ಕೇಳಿದೆ. "ಮಕ್ಕಳಿಗೂ ಬರುತ್ತೆ, ಮುದುಕರಿಗೂ ಬರುತ್ತೆ. ಸಕ್ಕರೆ ಕಾಯಿಲೆ ಇರೋ ಟೀಚರಿಗೂ ಬರುತ್ತೆ" ಅಂದರು. ನನಗೆ 52 ವರ್ಷ, ಶುಗರ್ ಮಾತ್ರೆ ಶುರುವಾಗಿ ಆರು ವರ್ಷ.

ಅಡ್ಮಿಟ್ ಆಗಬೇಕೋ ಬೇಡವೋ ಅನ್ನುವುದನ್ನು ಅವರು ನನ್ನ ಮುಖ ನೋಡಿ ಹೇಳಲಿಲ್ಲ, ಲೆಕ್ಕ ಹಾಕಿ ಹೇಳಿದರು. ಗಣಿತದ ಟೀಚರ್ ಆದ್ದರಿಂದ ಅದು ನನಗೆ ಹಿಡಿಸಿತು. ಉಸಿರು ನಿಮಿಷಕ್ಕೆ 30 ಅಥವಾ ಅದಕ್ಕಿಂತ ಜಾಸ್ತಿಯಾ? ನನ್ನದು 24. ಬಿ.ಪಿ. ಮೇಲಿನದು 90ಕ್ಕಿಂತ ಕಡಿಮೆಯಾ? 110 ಇತ್ತು. ಮಾತು ತಡವರಿಸುತ್ತಾ, ದಿನ, ಊರು ಗೊತ್ತಾಗುತ್ತಿಲ್ಲವಾ? ಹಾಗೇನೂ ಇಲ್ಲ. ವಯಸ್ಸು 65 ತುಂಬಿದೆಯಾ? ಇಲ್ಲ. ಬೆರಳಿಗೆ ಸಿಕ್ಕಿಸಿದ ಯಂತ್ರದಲ್ಲಿ ಆಕ್ಸಿಜನ್ 95. ಮಾತ್ರೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುತ್ತಿದೆ. ಕೊನೆಯ ಪ್ರಶ್ನೆ ನಮ್ಮನೆಯವರಿಗೆ: "ರಾತ್ರಿ ಎರಡು ಗಂಟೆಗೆ ಹೆಚ್ಚುಕಡಿಮೆ ಆದ್ರೆ ಕರ್ಕೊಂಡು ಬರೋಕೆ ಆಗುತ್ತಾ? ದಾರೀಲಿ ಹೊಳೆ ಏನಾದ್ರೂ ಏರುತ್ತಾ?" ಹೊಳೆ ಏರುವುದಿಲ್ಲ, ಗಾಡಿ ಇದೆ ಅಂದ ಮೇಲೆಯೇ ಮನೆಗೆ ಬಿಟ್ಟದ್ದು.

ಏಳು ದಿನಕ್ಕೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್, ಜೊತೆಗೆ ಅಜಿತ್ರೋಮೈಸಿನ್, ಎರಡೂ ಆಂಟಿಬಯೋಟಿಕ್; ಜ್ವರಕ್ಕೆ ಪ್ಯಾರಸಿಟಮಾಲ್. ಇದು ನನಗೆ ಬರೆದ ಚೀಟಿ. ಯಾರೂ ಇದನ್ನು ನೋಡಿಕೊಂಡು ಮೆಡಿಕಲ್ ಶಾಪಿಗೆ ಹೋಗುವುದು ಬೇಡ. ಕೆಮ್ಮಿನ ಸಿರಪ್ ಕೇಳಿದ್ದಕ್ಕೆ ಕೊಡಲಿಲ್ಲ. ಕಫ ಹೊರಗೆ ಬರಬೇಕು, ಕೆಮ್ಮು ಅಡಗಿಸಿ ಏನು ಮಾಡುತ್ತೀರಿ ಅಂದರು. ಜೊತೆಗೆ ಒಂದು ಮಾತು ಹೇಳಿದರು: "48ರಿಂದ 72 ಗಂಟೆಯೊಳಗೆ ಜ್ವರ ಇಳೀತಾ ಬರಬೇಕು. ಇಳೀಲಿಲ್ಲ ಅಂದ್ರೆ ಏಳು ದಿನ ಮುಗೀಲಿ ಅಂತ ಕಾಯಬೇಡಿ."

ಮಗನ ಹಳೇ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಐದು ಕಲಂ ಮಾಡಿದೆ: ಹೊತ್ತು, ಜ್ವರ, ಉಸಿರು, ಆಕ್ಸಿಜನ್, ಶುಗರ್. ಜ್ವರವನ್ನು ಮಾತ್ರೆ ನುಂಗುವ ಮೊದಲೇ ನೋಡಬೇಕು. ನುಂಗಿದ ಮೇಲೆ ನೋಡಿದರೆ ಮಾತ್ರೆಯ ಕೆಲಸ ಕಾಣುತ್ತದೆ, ಕಾಯಿಲೆ ಕಾಣುವುದಿಲ್ಲ. ಉಸಿರು ಎಣಿಸುವುದು ಇನ್ನೂ ಸೂಕ್ಷ್ಮ. ಯಾರೋ ಎಣಿಸುತ್ತಿದ್ದಾರೆ ಅಂತ ಗೊತ್ತಾದ ಕೂಡಲೇ ಉಸಿರಿನ ಲಯ ಬದಲಾಗುತ್ತದೆ. ನಮ್ಮನೆಯವರು ನಾಡಿ ನೋಡುವ ಹಾಗೆ ನನ್ನ ಮಣಿಕಟ್ಟು ಹಿಡಿದು, ಕಣ್ಣು ಮಾತ್ರ ಹೊದಿಕೆಯ ಏರಿಳಿತದ ಮೇಲಿಟ್ಟು ಒಂದು ನಿಮಿಷ ಪೂರ್ತಿ ಎಣಿಸುತ್ತಿದ್ದರು. ಅಡಿಕೆ ಎಣಿಸಿದ ಅಭ್ಯಾಸ, ತಪ್ಪುತ್ತಿರಲಿಲ್ಲ.

ಎರಡನೇ ರಾತ್ರಿ ಆಕ್ಸಿಮೀಟರ್ 88 ತೋರಿಸಿತು. ಮನೆಯೆಲ್ಲ ಎದ್ದು ಕೂತಿತು. ನಮ್ಮನೆಯವರು ಕಾರಿನ ಕೀಲಿ ಹುಡುಕುತ್ತಿದ್ದರೆ ಅತ್ತೆ ದೇವರ ಮುಂದೆ ದೀಪ ಹಚ್ಚಿದರು. ನನಗೋ ಹಾಗೇನೂ ಅನ್ನಿಸುತ್ತಿರಲಿಲ್ಲ, ಮಾತಾಡುತ್ತಲೇ ಇದ್ದೆ. ನೋಡಿದರೆ ಕೈ ಮಂಜುಗಡ್ಡೆಯಂತಿದೆ, ಬೆರಳ ತುದಿಗೆ ಮದುವೆಮನೆಯ ಮದರಂಗಿ ಬೇರೆ. ಎರಡೂ ಕೈಯನ್ನು ಉಜ್ಜಿ, ಬಿಸಿನೀರಿನ ಲೋಟ ಹಿಡಿದುಕೊಂಡು, ಮದರಂಗಿ ಇಲ್ಲದ ಎಡಗೈ ಬೆರಳಿಗೆ ಹಾಕಿ ಒಂದು ನಿಮಿಷ ಅಲುಗಾಡದೆ ಕೂತೆ. 95. ಯಂತ್ರ ತೋರಿಸುವ ನಾಡಿಯ ಸಂಖ್ಯೆಯೂ ಕೈಯಲ್ಲಿ ಎಣಿಸಿದ ನಾಡಿಯೂ ಒಂದೇ ಇದ್ದರೆ ಮಾತ್ರ ಆಕ್ಸಿಜನ್ ಸಂಖ್ಯೆಯನ್ನು ನಂಬಬಹುದು ಅಂತ ಮರುದಿನ ಡಾಕ್ಟರು ಫೋನಿನಲ್ಲಿ ಹೇಳಿದರು. ಹಾಗೆ ಸರಿಯಾಗಿ ನೋಡಿದ ಮೇಲೂ 94ಕ್ಕಿಂತ ಕೆಳಗೆ ನಿಂತರೆ ಫೋನ್ ಮಾಡಬೇಕು, 92ಕ್ಕೆ ಬಂದರೆ ಫೋನ್ ಮಾಡುತ್ತಾ ಕೂರದೆ ಹೊರಡಬೇಕು. ತುಟಿ ನೀಲಿಯಾದರೆ, ಒಂದು ವಾಕ್ಯ ಮುಗಿಸಲು ಎರಡು ಸಲ ಉಸಿರು ಬೇಕಾದರೆ, ಮಂಕು ಕವಿದರೆ ಸಂಖ್ಯೆ ನೋಡುವ ಕೆಲಸವೇ ಇಲ್ಲ.

ಮಲಗುವ ಮಗ್ಗುಲಿನ ವಿಷಯ ನನಗೆ ದೊಡ್ಡ ಆಶ್ಚರ್ಯ. ಬಲಕ್ಕೆ ಹೊರಳಿದರೆ ಪಕ್ಕೆಯ ಚುಚ್ಚು ಕಡಿಮೆ ಆಗುತ್ತಿತ್ತು, ಹಾಗಾಗಿ ಹಾಗೇ ಮಲಗುತ್ತಿದ್ದೆ. ಆದರೆ ನೋಟ್‌ಬುಕ್ಕಿನಲ್ಲಿ ಬಲಕ್ಕೆ ಮಲಗಿದಾಗೆಲ್ಲ 94, ಎಡಕ್ಕೆ ಹೊರಳಿದರೆ 96. ಕೇಳಿದ್ದಕ್ಕೆ ಡಾಕ್ಟರು ಕಾರಣ ಹೇಳಿದರು. ಮಲಗಿದಾಗ ಕೆಳಗಿನ ಶ್ವಾಸಕೋಶಕ್ಕೆ ರಕ್ತ ಜಾಸ್ತಿ ಹರಿಯುತ್ತದೆ. ಚೆನ್ನಾಗಿರುವುದು ಕೆಳಗಿದ್ದರೆ ಆ ರಕ್ತಕ್ಕೆ ಗಾಳಿ ಸಿಗುತ್ತದೆ, ಕೆಟ್ಟದ್ದು ಕೆಳಗಿದ್ದರೆ ರಕ್ತ ಸುಮ್ಮನೆ ಹೋಗಿ ಬರುತ್ತದೆ. ಅಂದಿನಿಂದ ಎಡ ಮಗ್ಗುಲು, ಬೆನ್ನಿಗೆ ದಿಂಬು. ಕೆಮ್ಮು ಬಂದಾಗ ಇನ್ನೊಂದು ದಿಂಬನ್ನು ಪಕ್ಕೆಗೆ ಅಪ್ಪಿ ಹಿಡಿಯುತ್ತಿದ್ದೆ. ನೋವು ಅರ್ಧಕ್ಕರ್ಧ ಇಳಿಯುತ್ತದೆ. ಗಂಟಲು ಹರಿಯುವ ಹಾಗೆ ಕೆಮ್ಮುವುದಕ್ಕಿಂತ ಕನ್ನಡಕದ ಗಾಜು ಒರೆಸುವ ಮೊದಲು 'ಹಾ' ಅಂತ ಊದುತ್ತೇವಲ್ಲ, ಹಾಗೆ ಬಾಯಿ ತೆರೆದು ಮೂರು ನಾಲ್ಕು ಸಲ ಜೋರಾಗಿ ಗಾಳಿ ಬಿಟ್ಟರೆ ಕಫ ತಾನಾಗಿ ಮೇಲೆ ಬರುತ್ತದೆ.

ಉಸಿರಿನ ವ್ಯಾಯಾಮಕ್ಕೆ ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿ ಒಂದಿದೆ, ಯಾವ ಚೆಂಡಿಗೆ ಎಷ್ಟು ಗಾಳಿ ಬೇಕು ಅಂತ 600, 900, 1200 ಬರೆದಿರುತ್ತದೆ. ಮೆಡಿಕಲ್ ಶಾಪಿನವರು ಕೊಟ್ಟರು, ಹೇಗೆ ಅಂತ ಹೇಳಲಿಲ್ಲ. ಎರಡು ದಿನ ನಾನು ಅದರ ನಳಿಗೆಯಲ್ಲಿ ಊದಿದೆ. ಚೆಂಡು ಏಳಲೇ ಇಲ್ಲ. ನನ್ನ ಶ್ವಾಸಕೋಶ ಸತ್ತೇ ಹೋಗಿದೆ ಅಂದುಕೊಂಡೆ! ಊದುವುದಲ್ಲ, ಎಳೆಯಬೇಕು. ಎಳನೀರಿಗೆ ಸ್ಟ್ರಾ ಹಾಕಿ ಎಳೆದ ಹಾಗೆ ನಿಧಾನವಾಗಿ ಎಳೆದು, ಚೆಂಡು ಮೇಲಿರುವಂತೆ ಎರಡು ಮೂರು ಸೆಕೆಂಡ್ ತಡೆದು, ಬಾಯಿ ತೆಗೆದು ಬಿಡಬೇಕು. ಎಚ್ಚರ ಇರುವಾಗ ಗಂಟೆಗೆ ಹತ್ತು ಸಲ. ತಲೆ ತಿರುಗಿದರೆ ನಿಲ್ಲಿಸಬೇಕು. ಮೊದಲ ದಿನ ಒಂದು ಚೆಂಡು, ಅದೂ ಅಳುಕುತ್ತಾ.

ಊಟದ ಜಗಳ ಬೇರೆಯೇ ಕಥೆ. ಅತ್ತೆಗೆ ಬಾಳೆಹಣ್ಣು ಶೀತ, ಮಜ್ಜಿಗೆ ಶೀತ, ಸೌತೆಕಾಯಿಯ ಹೆಸರೇ ಎತ್ತುವ ಹಾಗಿಲ್ಲ. ಮೂರು ಹೊತ್ತೂ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ. ನಾಲಿಗೆಗೆ ಹಿತ, ನಿಜ. ಆದರೆ ಬರೀ ಗಂಜಿಯಿಂದ ಎರಡು ಗಂಟೆ ಬಿಟ್ಟು ನೋಡಿದರೆ ಶುಗರ್ 268. ಜ್ವರಕ್ಕೇ ಶುಗರ್ ಏರುತ್ತದೆ, ಗಂಜಿ ಅದಕ್ಕೆ ಸೇರಿತು. ಡಾಕ್ಟರು ಫೋನಿನಲ್ಲೇ ಮಾತ್ರೆಯ ಲೆಕ್ಕ ಬದಲಿಸಿದರು. ನಾನು ಗಂಜಿಯನ್ನು ಅರ್ಧ ಮಾಡಿ ಹೆಸರುಬೇಳೆ ತೊವ್ವೆಯನ್ನು ಎರಡು ಪಟ್ಟು ಮಾಡಿಸಿದೆ. ಮಧ್ಯಾಹ್ನ ಮಜ್ಜಿಗೆ ಕುಡಿದೆ, ಅತ್ತೆ ಮಲಗಿದ ಮೇಲೆ. ಆ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಹೊಟ್ಟೆ ಕೆಡಿಸುತ್ತದೆ. ಊಟದ ಮೊದಲ ತುತ್ತಿನ ಜೊತೆಗೇ ನುಂಗಿದರೆ ಸ್ವಲ್ಪ ವಾಸಿ. ದೊಡ್ಡಪತ್ರೆಯ ಕಷಾಯ ಗಂಟಲಿಗೆ ಚೆನ್ನಾಗಿತ್ತು, ಕುಡಿದೆ. ಅದು ಮದ್ದಿನ ಜಾಗಕ್ಕೆ ಅಲ್ಲ, ಚಹಾದ ಜಾಗಕ್ಕೆ. ಬಿಸಿನೀರಿನ ಪಾತ್ರೆಗೆ ಮುಖ ಒಡ್ಡಿ ಆವಿ ಹಿಡಿಯುವುದನ್ನು ಮಾತ್ರ ಮಾಡಲಿಲ್ಲ. ಆ ಆವಿ ಮೂಗು ಗಂಟಲು ದಾಟಿ ಅಷ್ಟು ಕೆಳಗೆ ಹೋಗುವುದೂ ಇಲ್ಲ, ನಡುಗುವ ಕೈಯಲ್ಲಿ ಪಾತ್ರೆ ಮಗುಚಿದರೆ ತೊಡೆ ಸುಡುತ್ತದೆ.

ಮೂರನೇ ದಿನ ಸಂಜೆ ಮೈ ಬೆವರಿ ಜ್ವರ ಬಿಟ್ಟಿತು. ಐದನೇ ದಿನಕ್ಕೆ ನಾನು ಗುಣವಾದೆ ಅಂದುಕೊಂಡೆ. ಮಾತ್ರೆಯನ್ನು ಪೂರ್ತಿ ಮುಗಿಸಿದೆ, ಅದರಲ್ಲಿ ತಪ್ಪಲಿಲ್ಲ. ತಪ್ಪಿದ್ದು ಆಮೇಲೆ.

ಹತ್ತನೇ ದಿನ ಶಾಲೆಗೆ ಹೋದೆ. ರಜೆ ಬರೆದದ್ದೇ ಅಷ್ಟು ದಿನಕ್ಕೆ, ಒಂಬತ್ತನೇ ಕ್ಲಾಸಿಗೆ ಪಾಠ ಹಿಂದೆ ಬಿದ್ದಿತ್ತು. "ಜ್ವರ ಹೋಯ್ತಲ್ಲ ಮೇಡಂ, ಇನ್ನೇನು?" ಅಂತ ಫೋನು ಬೇರೆ ಬಂದಿತ್ತು. ಎರಡನೇ ಪೀರಿಯಡ್‌ನಲ್ಲಿ ಬೋರ್ಡಿನ ಮೇಲೆ ಸಮೀಕರಣ ಬರೆಯುತ್ತಾ ಜೊತೆಗೆ ಅದನ್ನೇ ಓದಿ ಹೇಳಲು ಹೋದರೆ ಉಸಿರು ಸಾಲಲಿಲ್ಲ. ಬರೆಯುವುದೋ ಮಾತಾಡುವುದೋ, ಒಂದೇ ಆಗುತ್ತಿತ್ತು. ಮಕ್ಕಳು ಕುರ್ಚಿ ತಂದಿಟ್ಟರು. ಮನೆಗೆ ಬಂದು ಮಲಗಿದವಳು ಎರಡು ದಿನ ಏಳಲಿಲ್ಲ. ಜ್ವರ ಇಲ್ಲ, ಆದರೆ ಉಸಿರು ಮತ್ತೆ 26ಕ್ಕೆ ಹೋಗಿತ್ತು. ಡಾಕ್ಟರು ಇನ್ನೊಂದು ಸಲ ಎದೆ ಪರೀಕ್ಷಿಸಿ, ಹೊಸದೇನೂ ಇಲ್ಲ, ಅವಸರ ಅಷ್ಟೆ ಅಂದರು. ಆಮೇಲೆ ಕ್ಯಾಲೆಂಡರ್ ತೋರಿಸಿದರು: ಜ್ವರಕ್ಕೆ ಒಂದು ವಾರ, ಎದೆನೋವು, ಕಫ ಇಳಿಯಲು ಸುಮಾರು ನಾಲ್ಕು ವಾರ, ಕೆಮ್ಮು, ಏದುಸಿರು ತಗ್ಗಲು ಆರು ವಾರ. ಸುಸ್ತು ಮೂರು ತಿಂಗಳು ಇದ್ದರೂ ಗಾಬರಿಯಾಗಬೇಡಿ. ಇದನ್ನು ಮೊದಲೇ ಹೇಳಿದ್ದರೆ ಅಂತ ಒಳಗೊಳಗೇ ಸಿಟ್ಟು ಬಂತು. ಹೇಳಿದ್ದರೂ ನಾನು ಕೇಳುತ್ತಿದ್ದೆನೇ?

ಆ ವಾರಗಳಲ್ಲಿ ಅತಿ ಕಷ್ಟದ ಕೆಲಸ ಸ್ನಾನ. ಯಾರೂ ನಂಬುವುದಿಲ್ಲ. ಕೈ ಎತ್ತಿ ತಲೆಗೆ ನೀರು ಸುರಿದುಕೊಂಡು ಬಂದರೆ ಆಕ್ಸಿಜನ್ 97ರಿಂದ 94ಕ್ಕೆ ಇಳಿದಿರುತ್ತಿತ್ತು. ಸ್ಟೂಲ್ ಹಾಕಿಕೊಂಡು ಕೂತೇ ಮಾಡತೊಡಗಿದೆ, ತಲೆಸ್ನಾನ ವಾರಕ್ಕೊಂದೇ. ನಮ್ಮ ಬಚ್ಚಲಲ್ಲಿ ಹಂಡೆ ಒಲೆ, ಮಳೆಗಾಲದ ಹಸಿ ಕಟ್ಟಿಗೆ, ಕಣ್ಣು ಬಿಡಲಾಗದ ಹೊಗೆ. ಒಲೆ ಆರಿ ಹೊಗೆ ಪೂರ್ತಿ ಹೋದ ಮೇಲೆಯೇ ನಾನು ಬಚ್ಚಲಿಗೆ ಕಾಲಿಡುವುದು ಅಂತ ಕಟ್ಟುನಿಟ್ಟು ಮಾಡಿದೆ. ಮೂವತ್ತು ವರ್ಷ ಆ ಹೊಗೆ ಕುಡಿದಿದ್ದೇನೆ. ಈಗ ಸೋಲಾರ್ ಹಾಕಿಸುವ ಮಾತು ನಡೆದಿದೆ, ಮಳೆಗಾಲದಲ್ಲಿ ಅದೇನು ಕಾಯಿಸುತ್ತದೋ ನೋಡಬೇಕು. ನಡಿಗೆ ಜಗಲಿಯಲ್ಲೇ ಶುರುವಾಯಿತು, ಒಂದು ತುದಿಯಿಂದ ಇನ್ನೊಂದಕ್ಕೆ 22 ಹೆಜ್ಜೆ. ಮೊದಲ ವಾರ ನಾಲ್ಕು ಸುತ್ತು. ನಡೆಯುತ್ತಾ ಮಾತಾಡಲು ಆಗುತ್ತಿದ್ದರೆ ಮರುದಿನ ಒಂದು ಸುತ್ತು ಜಾಸ್ತಿ, ಆಗದಿದ್ದರೆ ಅಷ್ಟೇ. ಚೆನ್ನಾಗಿದೆ ಅನ್ನಿಸಿದ ದಿನವೂ ಎರಡು ಸುತ್ತು ಸೇರಿಸುತ್ತಿರಲಿಲ್ಲ. ಬುದ್ಧಿ ಬಂದಿತ್ತು.

ಮೂರನೇ ವಾರವೂ ಕೆಮ್ಮು ನಿಲ್ಲದಿದ್ದಾಗ ಕಫವನ್ನು ಟಿ.ಬಿ. ಪರೀಕ್ಷೆಗೆ ಕಳಿಸಿದರು. ಎರಡು ವಾರ ಮೀರಿದ ಕೆಮ್ಮಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಿಗೆ, ಮಾಡಿಸಲೇಬೇಕಾದ ಪರೀಕ್ಷೆ ಅದು. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೊಡಬೇಕಿಲ್ಲ. ಸುದ್ದಿ ಹೇಗೆ ಹಬ್ಬಿತೋ! ನೋಡಲು ಬಂದ ನೆಂಟರೊಬ್ಬರು ನಾನು ಕೊಟ್ಟ ಚಹಾವನ್ನು ಮುಟ್ಟಲಿಲ್ಲ, ಆರಿ ಕೆನೆಗಟ್ಟುವ ತನಕ ಅದನ್ನೇ ನೋಡುತ್ತಾ ಕೂತು ಎದ್ದುಹೋದರು. ವರದಿ ನೆಗೆಟಿವ್ ಬಂತು. ಅದನ್ನು ಅವರಿಗೆ ಫೋನ್ ಮಾಡಿ ಹೇಳುವಷ್ಟು ಉಸಿರು ಆಗ ನನಗಿತ್ತು, ಹೇಳಲಿಲ್ಲ.

ಆರು ವಾರಕ್ಕೆ ಇನ್ನೊಂದು ಎಕ್ಸ್‌ರೇ. ಐವತ್ತು ದಾಟಿದವರಿಗೆ, ಬೀಡಿ ಸಿಗರೇಟು ಸೇದುವವರಿಗೆ ಇದನ್ನು ಬಿಡಬಾರದಂತೆ, ಬಿಳಿ ಕಲೆಯ ಹಿಂದೆ ಗಡ್ಡೆ ಏನಾದರೂ ಅಡಗಿದೆಯೋ ಅಂತ ನೋಡಲು. ಎರಡು ಫಿಲ್ಮನ್ನೂ ಕಿಟಕಿಗೆ ಒತ್ತಿ ಹಿಡಿದರು. ಮೊಸರಿನ ಜಾಗದಲ್ಲಿ ಒಂದು ಬೆರಳಿನಷ್ಟು ಮಸುಕು ಉಳಿದಿತ್ತು. ಅದೂ ಹೋಗುತ್ತದೆ ಅಂದರು. ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾಕ್ಕೆ ಕೊಡುವ ನ್ಯುಮೋಕಾಕಲ್ ಲಸಿಕೆ ಹಾಕಿಸಿಕೊಂಡೆ, ಫ್ಲೂ ಲಸಿಕೆ ಇನ್ನು ಪ್ರತಿ ವರ್ಷ. ಅತ್ತೆಗೂ ಹಾಕಿಸಿದೆವು. "ನಂಗೆ ಎಂತಕ್ಕೆ ಮಾರಾಯ್ತಿ, ನಾನು ಮಜ್ಜಿಗೆ ಕುಡಿಯೋದಿಲ್ಲ" ಅಂತ ದಾರಿಯುದ್ದಕ್ಕೂ ಹೇಳಿಕೊಂಡು ಬಂದರು. ಅಂದರೆ ಗೊತ್ತಿತ್ತು.

ಎರಡನೇ ಚೆಂಡು ಎಂಟನೇ ದಿನ ಎದ್ದಿತ್ತು, ಮೂರನೆಯದು ಗಣೇಶನ ಹಬ್ಬದ ಹೊತ್ತಿಗೆ. ಈಗ ಆ ಡಬ್ಬಿ ಮೊಮ್ಮಗಳ ಆಟಕ್ಕೆ ಹೋಗಿದೆ, ಅವಳೂ ಮೊದಲು ಊದಿಯೇ ನೋಡಿದಳು. ನೋಟ್‌ಬುಕ್ಕಿನಲ್ಲಿ ಹದಿನೆಂಟು ಪುಟ ನನ್ನ ಲೆಕ್ಕ. ಹತ್ತೊಂಬತ್ತನೆಯದರಿಂದ ನಮ್ಮನೆಯವರು ಅದೇ ಐದು ಕಲಂನಲ್ಲಿ ಡೈರಿಗೆ ಹಾಕಿದ ಹಾಲಿನ ಲೆಕ್ಕ ಬರೆಯುತ್ತಿದ್ದಾರೆ.