ಮುಕ್ತ ತಂತ್ರಾಂಶಕ್ಕೆ ಚಂದಾ ಕಟ್ಟಿದ ನನ್ನ ಅನುಭವ

ರೆಡ್ ಹ್ಯಾಟ್ ಕಂಪನಿಯ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ಉಚಿತ ಪ್ರತಿರೂಪವಾದ ಸೆಂಟ್‌ಓಎಸ್ 8ಕ್ಕೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆಂದು ನಂಬಿ ನಮ್ಮ ಡೇಟಾಬೇಸ್ ಸರ್ವರ್‌ಗಳನ್ನೆಲ್ಲ ಅದರ ಮೇಲೆ ನಿಲ್ಲಿಸಿದ್ದೆ. 2021ರ ಕೊನೆಗೇ ಅದು ನಿಲ್ಲುವುದೆಂಬ ಪ್ರಕಟಣೆ 2020ರ ಡಿಸೆಂಬರ್‌ನಲ್ಲಿ ಹೊರಬಿತ್ತು. ಅದರ ಮೂಲವಾದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸಿಗೇ ಚಂದಾ ಕೊಳ್ಳೋಣವೆಂದು ನಾನು ಟಿಪ್ಪಣಿ ಕಳಿಸಿದಾಗ ಲೆಕ್ಕಪತ್ರ ವಿಭಾಗದವರು ಕೇಳಿದ್ದು ಒಂದೇ ಪ್ರಶ್ನೆ: "ಸೋರ್ಸ್ ಕೋಡ್ ಮುಕ್ತ ಎನ್ನುತ್ತೀರಿ, ಮತ್ತೆ ವರ್ಷವರ್ಷವೂ ದುಡ್ಡು ಯಾತಕ್ಕೆ ಸಾರ್?"

ಅದಕ್ಕೆ ಸರಿಯಾದ ಉತ್ತರ ನನಗೆ ಹೊಳೆದದ್ದು ಆಡಿಟ್ ಸಮಯದಲ್ಲಿ. ಆಡಿಟರ್ ಓಡಿಸಿದ, ಭದ್ರತಾ ದೋಷ ಹುಡುಕುವ ಸ್ಕ್ಯಾನರ್, ಸರ್ವರ್‌ಗೆ ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗಲು ನಾವು ಬಳಸುವ ಓಪನ್‌ಎಸ್‌ಎಸ್‌ಎಚ್ 8.0 ಹಳೆಯದೆಂದೂ ಅದರಲ್ಲಿ ಹಲವು ದೋಷಗಳಿವೆಯೆಂದೂ ಕೆಂಪು ಅಕ್ಷರದಲ್ಲಿ ವರದಿ ಕೊಟ್ಟಿತು. ಆ ಪ್ಯಾಕೇಜಿನ ಚೇಂಜ್‌ಲಾಗ್ (ಬದಲಾವಣೆಗಳ ಪಟ್ಟಿ) ತೆಗೆದು, ಪ್ರತಿ ಭದ್ರತಾ ದೋಷಕ್ಕೂ ಕೊಡುವ ಸಿವಿಇ ಸಂಖ್ಯೆಗಳನ್ನು ಒಂದೊಂದಾಗಿ ಹುಡುಕಿದರೆ, ರೆಡ್ ಹ್ಯಾಟ್‌ನವರು ಹೊಸ ಆವೃತ್ತಿಗಳಲ್ಲಿ ಬಂದ ತಿದ್ದುಪಡಿಗಳನ್ನು ಹಳೆಯ ಆವೃತ್ತಿಗೇ ಹೊಂದಿಸಿ ಸೇರಿಸಿದ್ದರು. ಇದಕ್ಕೆ ಬ್ಯಾಕ್‌ಪೋರ್ಟ್ ಎನ್ನುತ್ತಾರೆ. ಆವೃತ್ತಿ ಬದಲಾಗದಿರುವುದರಿಂದ ಅದರ ಮೇಲಿನ ಅಪ್ಲಿಕೇಶನ್ ಮುರಿಯುವುದಿಲ್ಲ, ದೋಷವೂ ಉಳಿಯುವುದಿಲ್ಲ. ಹತ್ತು ವರ್ಷ ಈ ಬೇಸರದ ಕೆಲಸವನ್ನು ಯಾರಾದರೂ ಕುಳಿತು ಮಾಡಬೇಕಲ್ಲ, ನಾವು ಕೊಡುವುದು ಅದರ ಕೂಲಿ ಎಂದು ಟಿಪ್ಪಣಿಯನ್ನು ತಿದ್ದಿ ಬರೆದೆ. ಮಂಜೂರಾಯಿತು.

ಲೆಕ್ಕ ಹಾಕುವಲ್ಲಿ ಮಾತ್ರ ಎಡವಿದೆ. ಸಾಮಾನ್ಯ ಚಂದಾ ಒಂದಕ್ಕೆ ಎರಡು ಸಾಕೆಟ್‌ಗಳ (ಪ್ರೊಸೆಸರ್ ಕೂರುವ ಜಾಗಗಳ) ಒಂದು ಯಂತ್ರ, ಇಲ್ಲವೇ ಎರಡು ವರ್ಚುವಲ್ ಯಂತ್ರಗಳು, ಅಂದರೆ ನಿಜವಾದ ಯಂತ್ರದೊಳಗೆ ತಂತ್ರಾಂಶದಿಂದ ರೂಪಿಸಿದ ಯಂತ್ರಗಳು. ಅವನ್ನು ಹೊರುವ ಒಂದೇ ಹೋಸ್ಟ್‌ ಯಂತ್ರದಲ್ಲಿ ನಮ್ಮ ಹದಿನಾಲ್ಕು ವರ್ಚುವಲ್ ಯಂತ್ರಗಳಿದ್ದವು. ಹೋಸ್ಟ್‌ಗೆ ಕಟ್ಟಿದರೆ ಒಳಗೆ ಎಷ್ಟಿದ್ದರೂ ನಡೆಯುವ ವರ್ಚುವಲ್ ಡೇಟಾಸೆಂಟರ್ ಚಂದಾ ಇದೆಯೆಂದು ತಿಳಿದದ್ದು ಏಳು ಸಾಮಾನ್ಯ ಚಂದಾ ಕೊಂಡ ಮೇಲೆ. ಒಂದಕ್ಕೆ ಕಟ್ಟಿ ಅದರ ಅಪ್‌ಡೇಟನ್ನು ಉಳಿದವಕ್ಕೆ ಹಂಚೋಣವೆಂದ ಸಹೋದ್ಯೋಗಿಗೆ, ಅದು ಒಪ್ಪಂದಕ್ಕೆ ವಿರುದ್ಧವೆಂದು ತಿಳಿಹೇಳಬೇಕಾಯಿತು. ಬೆಂಬಲದ ದರ್ಜೆ ಆರಿಸುವುದು ಸುಲಭವಾಗಿತ್ತು: ಡೇಟಾಬೇಸ್‌ಗೆ ರಾತ್ರಿಯೂ ಕರೆ ಸ್ವೀಕರಿಸುವ ಪ್ರೀಮಿಯಂ, ಮಿಕ್ಕವಕ್ಕೆ ಕಚೇರಿ ವೇಳೆಯ ಸ್ಟ್ಯಾಂಡರ್ಡ್.

ಎರಡನೆಯ ವರ್ಷ ನವೀಕರಣದ ಕಡತ ನಮ್ಮಲ್ಲೇ ಯಾರದೋ ಮೇಜಿನ ಮೇಲೆ ಒಂಬತ್ತು ದಿನ ಕುಳಿತಿತು. ಸರ್ವರ್‌ಗಳು ಎಂದಿನಂತೆ ಓಡಿದವು, ಯಾವುದಕ್ಕೂ ಬೀಗ ಬೀಳಲಿಲ್ಲ. ಆದರೆ ಅಪ್‌ಡೇಟ್ ಕೇಳಿದಾಗಲೆಲ್ಲ 403 (ಪ್ರವೇಶ ನಿರಾಕರಣೆ) ದೋಷ ಬರುತ್ತಿತ್ತು. ಆಗಿನಿಂದ ನವೀಕರಣದ ಟಿಪ್ಪಣಿಯನ್ನು ಮೂರು ತಿಂಗಳು ಮೊದಲೇ ಕಳಿಸುತ್ತೇನೆ. ಪರೀಕ್ಷೆಯ ಯಂತ್ರಗಳನ್ನು, ಯಾರನ್ನೂ ಕೇಳದೆ, ರೆಡ್ ಹ್ಯಾಟ್ ಲಿನಕ್ಸಿಗೆ ಹೊಂದುವ, ಚಂದಾ ಬೇಡದ ಆಲ್ಮಾಲಿನಕ್ಸ್‌ಗೆ ಸಾಗಿಸಿದ್ದೇನೆ.